ಮೂರು ಕಚ್ಚು ನೀರು

ಆರಿದ್ರಾ ಮಳೆ ಹಿಡಿದ ಮೇಲಿನ ಮೊದಲ ಸೋಮವಾರ ಹೊಂಗೆಮಡುವಿನಲ್ಲಿ ಕಾಲುವೆ ಬಿಡುತ್ತಿದ್ದರು. ಅಂದು ಪೇಟೆಯ ಅಂಗಡಿಗಳು ತೆರೆಯುತ್ತಿರಲಿಲ್ಲ. ಶಾಲೆಯ ಮೇಷ್ಟರು, ಅಂಚೆಯವರು ಕೂಡ ಪಂಚೆ ಎತ್ತಿ ಕಟ್ಟಿಕೊಂಡು ಊರ ಮೇಲಿನ ಕಟ್ಟೆಗೆ ಹೋಗುತ್ತಿದ್ದರು. ಕಟ್ಟೆಯೆಂದರೆ ಎರಡು ಗುಡ್ಡಗಳ ನಡುವೆ ಇಳಿದು ಬರುವ ಹಳ್ಳಕ್ಕೆ ಹಿಂದಿನವರು ಅಡ್ಡಲಾಗಿ ಹಾಕಿದ ಕಲ್ಲಿನ ಗೋಡೆ. ಅಲ್ಲಿಂದ ಹೊರಟ ಕಾಲುವೆ ಗುಡ್ಡದ ಬುಡ ಹಿಡಿದು, ಪೇಟೆಯ ಹಿತ್ತಿಲುಗಳ ಹಿಂದೆ ಹಾಯ್ದು, ಕಣಿವೆಯ ಗದ್ದೆಗಳಿಗೆಲ್ಲ ನೀರು ಕೊಟ್ಟು, ಉಳಿದದ್ದನ್ನು ಮತ್ತೆ ಅದೇ ಹಳ್ಳಕ್ಕೆ ಚೆಲ್ಲುತ್ತಿತ್ತು. ಹಳ್ಳ ಇನ್ನೈದು ಮೈಲಿ ಹರಿದು ಭದ್ರಾವತಿಯ ಮೇಲುಗಡೆ ಭದ್ರೆಯನ್ನು ಸೇರುತ್ತಿತ್ತು.

ಗುರುವಾರದ ಸಂತೆ, ಅಂಚೆಮನೆ, ನಾಲ್ಕು ಕೋಣೆಯ ಶಾಲೆ ಎಲ್ಲ ಇದ್ದ ಸಣ್ಣ ಪೇಟೆ ಅದು. ಆದರೂ ಜನರನ್ನು ಗುರುತಿಸುತ್ತಿದ್ದದ್ದು ಕಾಲುವೆಯಿಂದಲೇ. ಕಟ್ಟೆಯ ಹತ್ತಿರ ಗದ್ದೆಯಿದ್ದವರು ಮೇಲುನೀರಿನವರು, ಪೇಟೆಯ ಹಿಂದಿನವರು ನಡುನೀರಿನವರು, ಹಳ್ಳದ ಅಂಚಿನವರು ಕೊನೆನೀರಿನವರು. ಹೆಣ್ಣು ಕೊಡುವವರೂ ಮೊದಲು ಕೇಳುತ್ತಿದ್ದದ್ದು, ಹುಡುಗನದು ಯಾವ ನೀರು ಎಂದೇ.

ಕಟ್ಟೆಯ ಬಳಿ ಪೂಜೆಯಾಗಿ, ಕಾಯಿ ಒಡೆದಾದ ಮೇಲೆ ನೀರುಗಂಟಿ ಮೊಣಕಾಲುದ್ದ ನೀರಿಗೆ ಇಳಿಯಬೇಕು. ಬೊಗಸೆ ತುಂಬ ನೀರೆತ್ತಿ, ಊರಿನ ಎದುರಿಗೆ ನಿಂತು ಒಂದು ಮಾತು ಹೇಳಬೇಕು.

"ನನ್ನದೆಂಬ ಗದ್ದೆ ಈ ನೀರಿನ ಕೆಳಗಿಲ್ಲ."

ಬೊಗಸೆಯ ನೀರು ಬೆರಳ ಸಂದಿನಲ್ಲಿ ಸೋರಿ ಮುಗಿಯುವುದರೊಳಗೆ ಮಾತು ಮುಗಿಯಬೇಕು. ಆಮೇಲೆ ಪಟೇಲರು ಕೈಸನ್ನೆ ಮಾಡುತ್ತಾರೆ, ತೂಬಿನ ಹಲಗೆ ಮೇಲೇಳುತ್ತದೆ. ನೀರು ಹಂಚುವವನಿಗೆ ಆ ನೀರಿನಲ್ಲಿ ಸ್ವಂತದ ಆಸೆ ಇರಬಾರದು. ಅವನ ಮನೆ ನಡೆಯುವುದು ಸುಗ್ಗಿಯಲ್ಲಿ ಪ್ರತಿ ಗದ್ದೆಯವರು ತಂದು ಹಾಕುವ ಒಂದೊಂದು ಹೊರೆ ಭತ್ತದಿಂದ. ಊರಿನ ಕಟ್ಟಳೆ ಅಷ್ಟೇ.

ಹೊನ್ನಯ್ಯ ಈ ಮಾತನ್ನು ಮೊದಲ ಸಲ ಹೇಳಿದಾಗ ಅವನಿಗೆ ಇಪ್ಪತ್ತು ವರ್ಷ; ತಂದೆ ತೀರಿಕೊಂಡು ಆರು ತಿಂಗಳಾಗಿತ್ತು. ಅಂದು ಅವನ ದನಿ ನಡುಗಿತ್ತಂತೆ. ಮತ್ತೆಂದೂ ನಡುಗಲಿಲ್ಲ. ಉದ್ದನೆಯ ಆಳು, ಸ್ವಲ್ಪ ಬಾಗಿದ ಬೆನ್ನು, ಹೆಗಲ ಮೇಲೆ ಗುದ್ದಲಿ. ಏರಿಯ ಮೇಲೆ ಅವನು ನಡೆದರೆ ಕಪ್ಪೆಗಳು ಕೂಡ ಸುಮ್ಮನಾಗುವುದಿಲ್ಲ, ಅಷ್ಟು ಪರಿಚಯ ಎಂದು ಜನ ನಗುತ್ತಿದ್ದರು. ಮಾತು ಕಡಿಮೆ. ಯಾರಾದರೂ ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡರೆ ಬಯ್ಯುತ್ತಿರಲಿಲ್ಲ. ಅವರ ಬದುವಿನ ಮೇಲೆ ಹೋಗಿ ಸುಮ್ಮನೆ ಕೂರುತ್ತಿದ್ದ. ಅವರೇ ನಾಚಿ ಬಂದು ಮಡೆ ಮುಚ್ಚುವ ತನಕ ಏಳುತ್ತಿರಲಿಲ್ಲ.

ಕಾಲುವೆಯಿಂದ ಗದ್ದೆಗೆ ನೀರು ನುಗ್ಗುವ ಬಾಯಿಯೇ ಮಡೆ. ಮಡೆಯ ಒಳಗಡೆ, ಗದ್ದೆಯಲ್ಲಿ ಒಂದು ಹೊನ್ನೆಮರದ ಗೂಟ ನೆಟ್ಟಿರುತ್ತಿತ್ತು. ಗೂಟಕ್ಕೆ ಕಚ್ಚು ಹಾಕಿರುತ್ತಿದ್ದರು. ಕೆಲವು ಗದ್ದೆಗೆ ನಾಲ್ಕು ಕಚ್ಚು, ಕೆಲವಕ್ಕೆ ಎರಡು, ಹಿಂದಿನಿಂದ ಬಂದ ಪಾಲು. ನೀರು ಆ ಗದ್ದೆಯ ಮೇಲಿನ ಕಚ್ಚನ್ನು ಮುಟ್ಟಿದ ಕೂಡಲೇ ಮಡೆ ಮುಚ್ಚಬೇಕು. ಮಳೆ ಕಡಿಮೆಯಾದ ವರ್ಷ ಬಿರಿದ ನೆಲ ನೀರನ್ನು ಗಳಿಗೆಯಲ್ಲಿ ಕುಡಿದುಬಿಡುತ್ತದೆ. ಅದಕ್ಕೇ ನೀರುಗಂಟಿ ನೋಡುವುದು ಗದ್ದೆಯ ನೀರನ್ನಲ್ಲ, ಗೂಟದ ಒದ್ದೆಯನ್ನು. ಕಚ್ಚಿನವರೆಗೆ ಒದ್ದೆಯಿದ್ದರೆ ಆ ಗದ್ದೆಗೆ ಪಾಲು ಸಂದಿತು.

ಹೊನ್ನಯ್ಯನ ಹೆಂಡತಿ ಮಲೆಜ್ವರದಲ್ಲಿ ಹೋದಾಗ ಮಗಳು ಹೂವಮ್ಮನಿಗೆ ಐದು ತುಂಬಿರಲಿಲ್ಲ. ಮನೆಯಲ್ಲಿ ಬಿಟ್ಟು ಹೋಗಲು ಬೇರೆ ಜನವಿಲ್ಲ. ಹೀಗಾಗಿ ಮಗು ಕಾಲುವೆಯ ಮೇಲೆಯೇ ಬೆಳೆಯಿತು. ಮುಂದೆ ಅಪ್ಪ, ಹಿಂದೆ ಅಪ್ಪನ ಹಳೆಯ ಟವಲನ್ನು ಸೀರೆ ಮಾಡಿ ಉಟ್ಟ ಹೂವಿ. ಯಾರ ಮನೆಯ ಹಿತ್ತಿಲು ಬಂದರೂ ಅವಳ ಕೈಗೆ ಏನಾದರೂ ಬೀಳುತ್ತಿತ್ತು: ರೊಟ್ಟಿ, ಬೆಲ್ಲದ ಚೂರು, ಸುಟ್ಟ ಗೆಣಸು. ಮೇಲುನೀರಿನ ಮಹಾಂತಮ್ಮ, ಗಂಡ ಸತ್ತ ಮೇಲೆ ದೊಡ್ಡ ಗದ್ದೆಯನ್ನು ಒಬ್ಬಳೇ ಮಾಡಿಸುತ್ತಿದ್ದ ಗಟ್ಟಿ ಬಾಯಿಯ ಹೆಂಗಸು, ವಾರಕ್ಕೊಮ್ಮೆ ಹೂವಿಯನ್ನು ಹಿಡಿದು ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದಳು.

"ಏನೋ ಹೊನ್ನಯ್ಯ, ಹೆಣ್ಣುಮಗಳ ತಲೇನಾ ಇದು, ಗೀಜಗನ ಗೂಡಾ? ಕೆಸರು ಮೆತ್ತೋಕೆ ಬರತ್ತೆ ನಿಂಗೆ, ಜಡೆ ಹಾಕೋಕೆ ಬರಲ್ವಾ ಮಾರಾಯ?"

"ಕಲೀತೀನಿ ಅಮ್ಮಾವ್ರೆ."

"ಕಲ್ತೆ ಬಿಡು!"

ಹೂವಿಗೆ ಒಂದು ಆಟವಿತ್ತು. ಅಪ್ಪ ಕೊನೆಯ ಮಡೆಯ ಹತ್ತಿರ ಹೋಗಿರುವಾಗ ಅವಳು ತೂಬಿನ ಬಳಿ ನಿಂತು ಒಂದು ಹೊಂಗೆಯ ಎಲೆಯನ್ನು ನೀರಿಗೆ ಬಿಡುತ್ತಿದ್ದಳು. ಎಲೆ ಪೇಟೆಯೆಲ್ಲ ದಾಟಿ ಅಪ್ಪನ ಕೈಗೆ ಸಿಗಬೇಕು. ಸಿಕ್ಕಿದರೆ ಅವನು ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಬರುತ್ತಿದ್ದ. ಸಿಗದಿದ್ದ ದಿನ ದಾರಿಯ ಯಾವುದೋ ಹೊಂಗೆಯ ಮರದಿಂದ ಒಂದೆಲೆ ಕಿತ್ತು ಸಿಕ್ಕಿಸಿಕೊಳ್ಳುತ್ತಿದ್ದ. ಅದು ತಾನು ಬಿಟ್ಟ ಎಲೆಯಲ್ಲವೆಂದು ಅವಳಿಗೆ ಗೊತ್ತಾಗುತ್ತಿತ್ತು. ಹೇಳುತ್ತಿರಲಿಲ್ಲ. ಹತ್ತು ವರ್ಷದವಳಾಗುವಷ್ಟರಲ್ಲಿ ಅವಳು ಹುಲ್ಲುಗರಿಕೆಯ ಹೆಂಟೆ ಕಿತ್ತು ಮಡೆ ಮುಚ್ಚುವುದನ್ನು ಕಲಿತಿದ್ದಳು; ಗೂಟ ನೋಡಿ ಯಾರ ಪಾಲು ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು.

ಅವಳನ್ನು ಕೇಳಿಕೊಂಡು ಬಂದದ್ದು ಊರಿನದೇ ಸಂಬಂಧ. ಹುಡುಗ ಕರಿಯಣ್ಣ, ದುಡಿಮೆಗಾರ, ತಾಯಿತಂದೆ ಇಲ್ಲ. ಹೊನ್ನಾಳಿಯಲ್ಲಿ ಒಬ್ಬ ಅಕ್ಕ. ಅವನಿಗಿದ್ದದ್ದು ಒಂದೇ ಗದ್ದೆ, ಕಾಲುವೆಯ ಕಟ್ಟಕಡೆಯದು, ಮೂರು ಕಚ್ಚಿನದು. ಅದರ ಆಚೆ ಕಾಲುವೆ ಹಳ್ಳಕ್ಕೆ ಬೀಳುತ್ತಿತ್ತು.

ಹೊನ್ನಯ್ಯ ಎರಡು ವಾರ ಯಾರಿಗೂ ಉತ್ತರ ಕೊಡಲಿಲ್ಲ. ಆಮೇಲೆ ಪಟೇಲ ಮಂಜಪ್ಪನವರ ಜಗಲಿಗೆ ಹೋಗಿ ನಿಂತ.

"ಗೌಡ್ರೆ, ಮಗಳನ್ನ ಕರಿಯಣ್ಣಂಗೆ ಕೊಟ್ರೆ ನಾನು ಆ ಮಾತು ಹೆಂಗೆ ಹೇಳ್ಲಿ?"

ಮಂಜಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿ ನಕ್ಕರು. "ಯಾವ ಮಾತೋ? ಕಾಲುವೆ ಮಾತಾ? ಅಯ್ಯೋ ಮಂಕೆ, ಕೊಟ್ಟ ಹೆಣ್ಣು ಗಂಡನ ಮನೆಯೋಳು. ಗದ್ದೆ ಕರಿಯಣ್ಣಂದು. ನಿಂದೇನೈತೆ ಅದ್ರಲ್ಲಿ? ಹೋಗು, ಚಪ್ಪರ ಹಾಕ್ಸು."

ಚಪ್ಪರ ಹಾಕಿದರು. ಊರೇ ನಿಂತು ಮದುವೆ ಮಾಡಿತು. ಧಾರೆ ಸೀರೆಯನ್ನು ಮಹಾಂತಮ್ಮ ಶಿವಮೊಗ್ಗದ ಕೋಟೆಯ ಅಂಗಡಿಯಿಂದ ತಾನೇ ಗಾಡಿ ಕಟ್ಟಿಸಿಕೊಂಡು ಹೋಗಿ ತಂದಳು. ಆದರೆ ಮುಂದಿನ ಆರಿದ್ರೆಯಲ್ಲಿ ಬೊಗಸೆಯ ನೀರು ಎತ್ತಿದಾಗ ಹೊನ್ನಯ್ಯನ ಕಣ್ಣು ತಾನಾಗಿ ಜನರ ನಡುವೆ ಮಗಳನ್ನು ಹುಡುಕಿತು. ಹೊಸ ಸೀರೆಯಲ್ಲಿ ನಿಂತಿದ್ದ ಅವಳು ಅಪ್ಪನನ್ನು ನೋಡಿ ಹೆಮ್ಮೆಯಿಂದ ನಕ್ಕಳು. ಅವನು ಮಾತು ಹೇಳಿ ಮುಗಿಸಿದ. ಹೇಳುವಾಗ ನೀರು ಎಂದಿಗಿಂತ ಬೇಗ ಸೋರಿದ ಹಾಗೆ ಅನ್ನಿಸಿತು.

ಅಂದಿನಿಂದ ಅವನು ಒಂದು ಕಟ್ಟು ಹಾಕಿಕೊಂಡ. ಕಾಲುವೆ ಹರಿಯುವ ತಿಂಗಳುಗಳಲ್ಲಿ ಮಗಳ ಮನೆಯಲ್ಲಿ ಏನನ್ನೂ ಮುಟ್ಟುವುದಿಲ್ಲ. ಕೊನೆಯ ಮಡೆ ತೆರೆಯಲು ಹೋದಾಗ ಅವಳು ಮಜ್ಜಿಗೆಯ ಚೊಂಬು ಹಿಡಿದು ಬರುತ್ತಿದ್ದಳು.

"ಬ್ಯಾಡ ಮಗ."

"ಮಜ್ಜಿಗೆ ಅಪ್ಪಾ, ಹೆಂಡ ಅಲ್ಲ."

"ಸುಗ್ಗಿ ಮುಗೀಲಿ. ಬರ್ತೀನಿ."

ಮೊದಲ ವರ್ಷ ಅವಳು ನಕ್ಕಳು. ಎರಡನೆಯ ವರ್ಷ ಚೊಂಬನ್ನು ಬದುವಿನ ಮೇಲಿಟ್ಟು ಹೋದಳು. ಅದು ಹಾಗೆಯೇ ಇತ್ತು. ಮೂರನೆಯ ವರ್ಷ ತರಲಿಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹೊಗೆ ಬಿಡಲು ಶುರುವಾಗಿ ಹತ್ತು ಹನ್ನೊಂದು ವರ್ಷವಾಗಿರಬೇಕು, ಆ ಸಲ ಹಸ್ತದ ಮಳೆ ಬರಲಿಲ್ಲ. ಹಿಂದಿನ ಮಳೆಗಳೆಲ್ಲ ಚೆನ್ನಾಗಿದ್ದವು. ಪೈರು ಎದೆಮಟ್ಟ ಬೆಳೆದಿತ್ತು. ತೆನೆ ಇನ್ನೂ ಪೈರಿನ ಹೊಟ್ಟೆಯೊಳಗಿರುವ ಕಾಲ, ನೀರು ತಪ್ಪಬಾರದ ಕಾಲ. ಆಗ ಆಕಾಶ ತೊಳೆದಿಟ್ಟ ಹಾಗೆ ಬರಿದಾಯಿತು. ಕಟ್ಟೆಯ ನೀರು ಇಳಿಯಿತು. ಹೊನ್ನಯ್ಯ ಸರದಿ ಕಟ್ಟಿದ: ಎಂಟು ದಿನಕ್ಕೊಮ್ಮೆ ಒಂದೊಂದು ಗದ್ದೆಗೆ ಅದರ ಕಚ್ಚಿನಷ್ಟು. ಅವನು ಮಡೆ ತೆರೆದು ಮುಂದೆ ಹೋಗುವುದು, ಕಚ್ಚು ತುಂಬಿದಾಗ ಗದ್ದೆಯವರೇ ಮುಚ್ಚುವುದು, ಸಂಜೆ ಅವನು ಬಂದು ಗೂಟದ ಒದ್ದೆ ನೋಡಿ ಹೋಗುವುದು.

ಕರಿಯಣ್ಣ ಹೆಂಡತಿಗೆ ಹೇಳಿಬಿಟ್ಟಿದ್ದ. "ಈ ಬೆಳೆ ಕೈಗೆ ಬಂದ್ರೆ ಸರಿ. ಇಲ್ದಿದ್ರೆ ಭದ್ರಾವತಿಗೆ ಹೋಗೋದೆಯ. ಸೌದೆ ಡಿಪೋದಾಗೆ ಆಳು ಬೇಕಂತೆ." ಹೂವಮ್ಮನಿಗೆ ಅದೇ ಹೆದರಿಕೆ. ಕಾಡಂಚಿನ ಕೂಲಿ ಗುಡಿಸಲುಗಳಲ್ಲಿ ಮಲೆಜ್ವರ ಹೇಗೆ ಕಾಯುತ್ತದೆಂದು ಕಣಿವೆಯ ಎಲ್ಲರಿಗೂ ಗೊತ್ತಿತ್ತು; ಅವಳ ತಾಯಿ ಊರೊಳಗೇ ಇದ್ದೂ ಉಳಿದಿರಲಿಲ್ಲ. ಅವಳು ಈ ಮಾತನ್ನು ಹಿತ್ತಿಲಿಂದ ಹಿತ್ತಿಲಿಗೆ ಯಾರ ಹತ್ತಿರವೋ ಹೇಳಿಕೊಂಡಳು. ಅದು ಊರೆಲ್ಲ ತಿಳಿಯಿತು, ಅಪ್ಪನಿಗೂ.

ಆ ಗುರುವಾರ ಸಂತೆಯಲ್ಲಿ ಹೊನ್ನಯ್ಯ ಉಪ್ಪು ಕೊಳ್ಳುತ್ತಿದ್ದ. ಹತ್ತಿಪ್ಪತ್ತು ಜನರ ನಡುವೆ ಮಹಾಂತಮ್ಮ ದೂರದಿಂದಲೇ ಕೂಗಿದಳು.

"ಏನ್ ಮಾರಾಯ ಹೊನ್ನಯ್ಯ! ಊರೆಲ್ಲ ಒಣಗಿದ್ರೂ ನಿನ್ ಮಗಳ ಗದ್ದೆ ಮಾತ್ರ ಹಸಿರಾಗಿರತ್ತೆ, ಬಿಡು!"

ಸುತ್ತ ಇದ್ದವರೆಲ್ಲ ನಕ್ಕರು. ಯಾರೋ "ಹೌದೌದು" ಎಂದರು. ಇನ್ನೊಬ್ಬ ಕಣ್ಣು ಮಿಟುಕಿಸಿದ. ಹೊನ್ನಯ್ಯ ಉಪ್ಪಿನ ಗಂಟು ಕಟ್ಟಿಕೊಂಡು ತಲೆ ತಗ್ಗಿಸಿ ಮನೆಗೆ ಹೋದ. ಒಲೆ ಹಚ್ಚಲಿಲ್ಲ. ಇಪ್ಪತ್ತೇಳು ವರ್ಷ ಅವನತ್ತ ಯಾರೂ ಬೆರಳು ತೋರಿಸಿರಲಿಲ್ಲ. ಈಗ ಸಂತೆಯ ನಡುವೆ ನಿಂತು ನಗುತ್ತಿದ್ದಾರೆ. ತಾನು ಏನನ್ನೂ ಮಾಡುವ ಮುಂಚೆಯೇ ನಗುತ್ತಿದ್ದಾರೆ.

ಮುಂದಿನ ಸರದಿಯಲ್ಲಿ ಕೊನೆಯ ಮಡೆ ತೆರೆದು ಅವನು ಅಲ್ಲಿಯೇ ಕುಳಿತ. ನೀರು ಗೂಟದ ಎರಡನೆಯ ಕಚ್ಚು ಮುಟ್ಟಿದಾಗ ಗುದ್ದಲಿ ತೆಗೆದು ಮಡೆ ಮುಚ್ಚಿದ.

ಬದುವಿನ ಮೇಲೆ ನಿಂತಿದ್ದ ಹೂವಮ್ಮ ಮೊದಲು ಅವನು ಮರೆತನೆಂದುಕೊಂಡಳು.

"ಅಪ್ಪಾ, ಮೂರು ಕಚ್ಚು ನಮ್ದು."

ಹೊನ್ನಯ್ಯ ಕೆಸರನ್ನು ಅಂಗೈಯಿಂದ ತಟ್ಟಿ ಗಟ್ಟಿ ಮಾಡುತ್ತಿದ್ದ.

"ಅಪ್ಪಾ, ಎರಡಕ್ಕೇ ಮುಚ್ದೆ."

"ಸಾಕು ಈ ಸಲ."

"ಯಾರಿಗೆ ಸಾಕು? ಮೇಲ್ನೋರಿಗೆಲ್ಲ ತುಂಬ ಕೊಟ್ಟಿಲ್ವಾ?"

"ಅವ್ರು ಬೇರೆ."

"ನಾವೇನ್ ಹಂಗಾರೆ? ಕದ್ದು ತಗೊಳೋರಾ?"

ಅವನು ಗುದ್ದಲಿ ತೊಳೆಯಲು ಕಾಲುವೆಗೆ ಬಗ್ಗಿದ. ಆಗ ಒಂದು ವಿಚಿತ್ರ ಕಂಡಿತು. ಎಲ್ಲ ಮಡೆಗಳೂ ಕುಡಿದ ಮೇಲೆ ಕಾಲುವೆಯ ಕೊನೆಯಲ್ಲಿ ನೀರು ನಿಲ್ಲಬೇಕಿತ್ತು. ಬದಲಿಗೆ ಮೇಲಿನಿಂದ ಇನ್ನೂ ಬರುತ್ತಲೇ ಇತ್ತು, ತೆಳ್ಳಗೆ, ಆದರೆ ಬಿಡದೆ. ತಾನು ತಡೆದ ಒಂದು ಕಚ್ಚಿಗಿಂತ ಎಷ್ಟೋ ಹೆಚ್ಚು, ತನ್ನ ಲೆಕ್ಕದಲ್ಲಿಲ್ಲದ ನೀರು. ಎಲ್ಲಿಂದ ಬಂತೆಂದು ಅವನಿಗೆ ತಿಳಿಯಲಿಲ್ಲ. ಬರುವಾಗ ಮೇಲಿನ ಗೂಟಗಳನ್ನೆಲ್ಲ ನೋಡಿ ಬಂದಿದ್ದ, ಎಲ್ಲವೂ ಕಚ್ಚಿನವರೆಗೆ ಒದ್ದೆ. ಈ ನೀರು ಮಗಳ ಗದ್ದೆಗೆ ಹೋದರೆ ನಾಳೆ ಸಂತೆಯಲ್ಲಿ ಏನೆಂದಾರು? ಅವನು ಕಾಲುವೆಯ ತುದಿಗೆ ಅಡ್ಡವಿಟ್ಟಿದ್ದ ಕಲ್ಲನ್ನು ಸರಿಸಿ ನೀರನ್ನು ಹಳ್ಳಕ್ಕೆ ಬಿಟ್ಟ.

ಹೂವಮ್ಮ ಬದುವಿನಿಂದ ಇಳಿದು ಬಂದಳು.

"ಹಳ್ಳಕ್ಕೆ ಹೋಗೋ ನೀರನ್ನಾದ್ರೂ ಕೊಡು. ಯಾರ ಪಾಲೂ ಅಲ್ವಲ್ಲ ಅದು."

"ಜನ ನೋಡ್ತಾರೆ ಹೂವಿ."

"ನೋಡ್ಲಿ! ಪೈರು ಹೊಟ್ಟೇಲಿಟ್ಕೊಂಡು ನಿಂತೈತೆ ಅಪ್ಪಾ. ನೀನೇ ಹೇಳ್ಕೊಟ್ಟಿದ್ದು, ಈಗ ನೀರು ತಪ್ಪಿದ್ರೆ ಆಮೇಲೆ ಹೊಳೆ ಹರಿಸಿದ್ರೂ ಕಾಳು ಕಟ್ಟಲ್ಲ ಅಂತ."

ಅವನು ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ನಡೆದ. ಅವಳು ಮನಸ್ಸು ಮಾಡಿದ್ದರೆ ಬರಿಗೈಯಲ್ಲೇ ಆ ಮಡೆ ಕೀಳಬಹುದಿತ್ತು. ಕೆಸರು ಇನ್ನೂ ಹಸಿಯಾಗಿತ್ತು. ಕರಿಯಣ್ಣ ಕೀಳಲು ಹೋದಾಗ ಅವಳೇ ಕೈ ಹಿಡಿದು ತಡೆದಳಂತೆ. "ಅಪ್ಪ ಮುಚ್ಚಿದ ಮಡೆ ನಾನು ತೆಗ್ಯಲ್ಲ. ನೀವೂ ತೆಗೀಬ್ಯಾಡಿ."

ಹೀಗೆ ನಾಲ್ಕು ಸರದಿ ನಡೆಯಿತು. ನಾಲ್ಕರಲ್ಲೂ ಎರಡೇ ಕಚ್ಚು. ನಾಲ್ಕರಲ್ಲೂ ಆ ತಿಳಿಯದ ನೀರು ಬಂತು, ನಾಲ್ಕು ಸಲವೂ ಹಳ್ಳಕ್ಕೆ ಹೋಯಿತು. ಹೊನ್ನಯ್ಯ ಸೊರಗಿದ. ತೆನೆ ಹೊರಬಂದಾಗ ಕಣಿವೆಯ ಗದ್ದೆಗಳೆಲ್ಲ ಹೇಗೋ ಬಾಗಿದವು, ಕೆಲವು ಹೆಚ್ಚು, ಕೆಲವು ಕಡಿಮೆ. ಕೊನೆಯ ಗದ್ದೆ ಮಾತ್ರ ಬಾಗಲಿಲ್ಲ. ತೆನೆಗಳು ನೆಟ್ಟಗೆ, ಬೆಳ್ಳಗೆ ನಿಂತಿದ್ದವು. ಗಾಳಿ ಬಂದರೆ ಒಣಗಿದ ಎಲೆಗಳ ಸದ್ದು.

ಸುಗ್ಗಿಯಲ್ಲಿ ಜನ ಎಂದಿನಂತೆ ನೀರುಗಂಟಿಯ ಹೊರೆ ತಂದು ಹಾಕಿದರು. ಎಲ್ಲರ ಕೊನೆಗೆ ಹೂವಮ್ಮ ಬಂದಳು. ತಲೆಯ ಮೇಲೆ ಹೊರೆಯಿತ್ತು, ಆದರೆ ಅವಳ ಕುತ್ತಿಗೆ ಭಾರಕ್ಕೆ ಬಾಗಿರಲಿಲ್ಲ. ಅಂಗಳದಲ್ಲಿ ಇಳಿಸಿದಳು.

"ನೀರುಗಂಟಿ ಹೊರೆ. ತಗೋ."

ಹೊನ್ನಯ್ಯ ಎದ್ದು ಬಂದು ಎರಡೂ ಕೈಯಿಂದ ಅದನ್ನು ಎತ್ತಿಕೊಂಡ. ಮಗುವನ್ನು ಎತ್ತಿದಷ್ಟು ಹಗುರ. ಒಳಗೆಲ್ಲ ಜೊಳ್ಳು.

"ಹೂವಿ, ಸುಗ್ಗಿ ಮುಗೀತು. ಊಟಕ್ಕೆ ಬರ್ತೀನಿ ನಾಳೆ."

"ನಾಳೆ ನಾವಿರಲ್ಲ ಅಪ್ಪಾ. ಬೆಳಿಗ್ಗೆ ಹೊರಡ್ತೀವಿ."

ಅವನು ಆ ಹೊರೆಯನ್ನು ಬಡಿಯಲಿಲ್ಲ. ಅಟ್ಟದ ತೊಲೆಗೆ ಕಟ್ಟಿ ತೂಗುಹಾಕಿದ.

ಬೇಸಿಗೆಯಲ್ಲಿ ಒಂದು ಭಾನುವಾರ ಅವನು ಅವಲಕ್ಕಿಯ ಗಂಟು ಹಿಡಿದು ಭದ್ರಾವತಿಗೆ ನಡೆದುಹೋದ. ಸೌದೆ ಡಿಪೋದ ಹಿಂದೆ ಗುಡಿಸಲುಗಳ ಉದ್ದನೆಯ ಸಾಲು. ತಮಿಳು, ತೆಲುಗು, ಎಲ್ಲ ಮಾತೂ ಕಿವಿಗೆ ಬೀಳುತ್ತಿತ್ತು. ಕಾರ್ಖಾನೆಯ ಕೂಗು ಮೊಳಗಿದಾಗ ಅವನು ಬೆಚ್ಚಿ ನಿಂತುಬಿಟ್ಟ. ಹೂವಮ್ಮ ಅವನನ್ನು ದೂರದಿಂದ ನೋಡಿ ಓಡಿ ಬಂದಳು. ಹತ್ತಿರ ಬಂದ ಮೇಲೆ ನಿಧಾನವಾದಳು. ಕೆನ್ನೆ ಒಳಗೆ ಹೋಗಿತ್ತು. ಅನ್ನ, ಹುರುಳಿ ಸಾರು ಬಡಿಸಿ ತಟ್ಟೆಯನ್ನು ಅವನ ಮುಂದಿಟ್ಟಳು. ಅವನು ಕೈ ತೊಳೆದುಕೊಂಡು, ಅಭ್ಯಾಸಬಲದಿಂದ, ಒಂದು ಗಳಿಗೆ ತಡೆದ.

"ಉಣ್ಣು ಅಪ್ಪಾ," ಎಂದಳು ಅವಳು. "ಇಲ್ಲಿ ಉಣ್ಬೌದು. ಇಲ್ಲಿ ನಿನ್ ನೀರಿಲ್ಲ."

ಕುಟುಕುವ ದನಿಯಲ್ಲ. ಸುಮ್ಮನೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ದನಿ. ಹೊನ್ನಯ್ಯ ಉಂಡ. ಅವಳೇ ನೀರಿನ ಲೋಟ ಮುಂದೆ ಸರಿಸಿದಳು. ಹೊರಡುವಾಗ ಕರಿಯಣ್ಣ ಡಿಪೋದಿಂದ ಬಂದ. "ಇನ್ನೊಂದೆರಡು ವರ್ಷ ಮಾವ. ಆಮೇಲೆ ಊರಿಗೇ ಬರ್ತೀವಿ. ಗದ್ದೆ ಎಲ್ಲಿಗೋಗ್ತೈತೆ," ಎಂದ. ಹೂವಮ್ಮ ದಾರಿಯವರೆಗೆ ಬಂದು, "ಆರಿದ್ರೆಗೆ ಬರ್ತೀನಿ ನಾನು. ಕಾಲುವೆ ಬಿಡೋದು ನೋಡ್ಬೇಕು," ಎಂದಳು. ಆ ಮಾತನ್ನು ಅವನು ಐದು ಮೈಲಿಯೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಡೆದ.

ಆರಿದ್ರೆಗೆ ಅವಳು ಬರಲಿಲ್ಲ. ಡಿಪೋದಲ್ಲಿ ರಜೆ ಸಿಗಲಿಲ್ಲವೇನೋ ಎಂದುಕೊಂಡ. ಆ ಸಲವೂ ಬೊಗಸೆಯೆತ್ತಿ ಮಾತು ಹೇಳಿದ. ಕಣ್ಣು ಜನರಲ್ಲಿ ಅವಳನ್ನು ಹುಡುಕುತ್ತಲೇ ಇತ್ತು. ಶ್ರಾವಣದಲ್ಲಿ ಒಬ್ಬ ಗಾಡಿಯವನು ಸುದ್ದಿ ತಂದ. ಹೊನ್ನಯ್ಯ ಏರಿಯ ಮೇಲಿಂದಲೇ ನೇರವಾಗಿ ಹೊರಟ. ಗುಡಿಸಲಿಗೆ ಬಾಗಿಲು ಹಾಕಿತ್ತು. ಪಕ್ಕದ ಮನೆಯ ತಮಿಳು ಹೆಂಗಸು ಕೈ ಆಡಿಸಿ ಹೇಳಿದಳು: "ಜ್ವರಮ್ ಅಯ್ಯಾ, ಜಾಸ್ತಿ ಜ್ವರಮ್. ಶಿಮೊಗಾ ಆಸ್ಪತ್ರಿಗೆ ಕರ್ಕೊಂಡು ಹೋದಾರು." ಅವನು ಜೀವಮಾನದಲ್ಲಿ ಮೊದಲ ಸಲ ರೈಲು ಹತ್ತಿದ.

ಆಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಪಕ್ಕದ ಮಂಚ. ಕರಿಯಣ್ಣ ಕಾಲ ಬಳಿ ನೆಲದ ಮೇಲೆ ಕುಳಿತಿದ್ದ. ಮಾವನನ್ನು ನೋಡಿ ಎದ್ದು ಗೋಡೆಯ ಕಡೆ ತಿರುಗಿದ. ಹೂವಮ್ಮನ ತುಟಿ ಬಿರಿದಿತ್ತು. ಕಣ್ಣು ತೆರೆದು ಅಪ್ಪನನ್ನು ಗುರುತಿಸಿದಳು.

"ಕಾಲುವೆ?"

"ಹರೀತಾ ಐತೆ ಮಗ."

"ಮಳೆ?"

"ಚೆನ್ನಾಗೈತೆ."

ಅವಳು ನೀರು ಕೇಳಿದಳು. ಅವನು ಲೋಟ ಬಗ್ಗಿಸಿ, ಉಸಿರು ಸಿಕ್ಕಿಕೊಂಡೀತೆಂದು ಹೆದರಿ, ಎರಡು ಗುಟುಕು ಕುಡಿಸಿ ಹಿಂದಕ್ಕೆ ತೆಗೆದ. ಅವಳು ಅವನ ಮಣಿಕಟ್ಟನ್ನು ಹಿಡಿದಳು. ಬೆರಳಿನಲ್ಲಿ ಬಲವಿರಲಿಲ್ಲ.

"ಪೂರ್ತಿ ಕೊಡು ಅಪ್ಪಾ."

ಅವನು ಪೂರ್ತಿ ಕೊಟ್ಟ. ಅರ್ಧ ಅವಳ ಕತ್ತಿನ ಮೇಲೆ ಹರಿದು ಹಾಸಿಗೆ ಒದ್ದೆಯಾಯಿತು. ಮರುದಿನ ಮಧ್ಯಾಹ್ನ, ಹೊರಗೆ ಹೂಬಿಸಿಲು ಬಿದ್ದಿರುವಾಗ, ಅವಳು ಹೋದಳು. ತುಂಗೆಯ ದಡದಲ್ಲಿ ಮಣ್ಣು ಮಾಡಿದರು. ಹೊಳೆ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಷ್ಟು ನೀರನ್ನು ಹೊನ್ನಯ್ಯ ಒಟ್ಟಿಗೆ ಕಂಡಿರಲಿಲ್ಲ.

ಊರಿಗೆ ಮರಳಿದ ಮೂರನೆಯ ದಿನ ಮಹಾಂತಮ್ಮ ಅನ್ನದ ಮಡಕೆ ಹೊತ್ತು ಅವನ ಮನೆಗೆ ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಮಡಕೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕುಳಿತಳು. ತಲೆಯೆತ್ತಿದಾಗ ತೊಲೆಯಲ್ಲಿ ತೂಗುತ್ತಿದ್ದ ಹೊರೆ ಕಂಡಿತು.

"ಹೊನ್ನಯ್ಯ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ. ಆವತ್ತಿಂದ ನನ್ ಎದೇಲಿ ಕೂತೈತೆ. ಆ ನೀರು ಎಲ್ಲಿಗೆ ಹೋಯ್ತು?"

"ಯಾವ ನೀರು ಅಮ್ಮಾವ್ರೆ?"

"ನಾವು ಬಿಟ್ಟಿದ್ದು. ಹಸ್ತದ ಮಳೆ ಇಲ್ದೇ ಹೋದ ವರ್ಷ. ಹೂವಿ ಊರು ಬಿಡೋ ಹಂಗಾಗ್ತದೆ ಅಂತ ಗೊತ್ತಾದಾಗ ಮೇಲ್ನೀರಿನೋರೆಲ್ಲ ನನ್ ಜಗಲಿ ಮೇಲೆ ಸೇರಿದ್ವಿ. ನಮ್ ಕೈತುತ್ತು ತಿಂದು ಬೆಳೆದ ಕೂಸು, ಒಂದೊಂದು ಕಚ್ಚು ಕಡಿಮೆ ಆದ್ರೆ ನಾವೇನ್ ಸಾಯ್ತೀವಾ ಅಂದ್ಕೊಂಡ್ವಿ. ನಾಲ್ಕು ಕಚ್ಚಿನೋರು ಮೂರಕ್ಕೇ ಮಡೆ ಮುಚ್ಚಿದ್ವಿ. ನಿಂಗೆ ಗೊತ್ತಾಗ್ಬಾರ್ದು ಅಂತ ಗೂಟಕ್ಕೆ ಕೈಯಿಂದ ನೀರೆರಚಿ ಒದ್ದೆ ಮಾಡಿದ್ವಿ. ಅಷ್ಟೂ ಕೊನೆಗದ್ದೆಗೆ ಹೋಗಿ ನಿಲ್ಬೇಕಿತ್ತಲ್ಲ. ಹೆಂಗ್ ಒಣಗ್ತು?"

ಹೊನ್ನಯ್ಯ ತೊಲೆಯ ಹೊರೆಯತ್ತ ನೋಡಿದ.

"ಸಂತೇಲಿ... ನೀವು ನಕ್ರಿ."

"ನಗ್ದೆ? ನಿಂಗೆ ಕಾಣದಂಗೆ ನಿನ್ ಮಗಳ ಗದ್ದೆ ಹಸಿರು ಮಾಡ್ತೀವಿ ಅಂತ ಖುಷಿ ನಮ್ಗೆ."

"ನಂಗೆ ಹೇಳ್ಬಾರ್ದಿತ್ತಾ ಅಮ್ಮಾವ್ರೆ?"

"ಹೆಂಗೋ ಹೇಳೋದು? ಬೊಗಸೇಲಿ ನೀರು ಹಿಡ್ದು ಪ್ರಮಾಣ ಮಾಡಿದೋನು ನೀನು. ನಿನ್ ಮಗಳಿಗೆ ಜಾಸ್ತಿ ಬಿಡು ಅಂತ ನಿನ್ ಮುಂದೆ ಬಂದು ಹೇಳೋ ಮುಖ ಯಾರಿಗಿತ್ತು? ನಿನ್ ಮಾತು ಕೆಡ್ಬಾರ್ದು ಅಂತ್ಲೇ ಸುಮ್ನಿದ್ವಿ." ಅವಳು ಮುಂದಕ್ಕೆ ಬಾಗಿದಳು. "ಎಲ್ಲಿಗೆ ಹೋಯ್ತು, ಹೇಳು."

"ಹಳ್ಳಕ್ಕೆ ಬಿಟ್ಟೆ," ಎಂದ ಹೊನ್ನಯ್ಯ.

ಮಹಾಂತಮ್ಮ ಎದ್ದು ಹೋಗುವಾಗ ಮಡಕೆಯ ಬಾಯಿಗೆ ಮುಚ್ಚಿದ್ದ ಬಾಳೆಲೆಯನ್ನು ತೆಗೆದು, ಮತ್ತೆ ಸರಿಯಾಗಿ ಮುಚ್ಚಿ ಹೋದಳು. ಬೇರೇನು ಮಾಡಬೇಕೋ ತಿಳಿಯದವಳ ಹಾಗೆ.

ಆ ವರ್ಷದ ಸರದಿಗಳನ್ನು ಹೊನ್ನಯ್ಯ ತಪ್ಪದೆ ನಡೆಸಿದ. ಗೂಟ ನೋಡುವಾಗ ಈಗ ಬಗ್ಗಿ, ಒದ್ದೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದ. ಕರಿಯಣ್ಣ ಹೊನ್ನಾಳಿಯ ಅಕ್ಕನ ಮನೆಗೆ ಹೋದವನು ತಿರುಗಿ ಬರಲಿಲ್ಲ. ಕೊನೆಯ ಗದ್ದೆ ಬೀಳುಬಿತ್ತು. ಅದರಲ್ಲಿ ಜೊಂಡು ಬೆಳೆಯಿತು.

ಮತ್ತೆ ಆರಿದ್ರೆ ಬಂತು. ಅಂಗಡಿಗಳು ಮುಚ್ಚಿದವು, ಜನ ಕಟ್ಟೆಯ ಬಳಿ ಸೇರಿದರು, ಕಾಯಿ ಒಡೆದರು. ಹೊನ್ನಯ್ಯ ಗುದ್ದಲಿಯನ್ನು ಕಲ್ಲಿಗೆ ಒರಗಿಸಿಟ್ಟು ನೀರಿಗೆ ಇಳಿದ. ಬೊಗಸೆ ತುಂಬ ಎತ್ತಿದ. ಊರು ಕಾಯುತ್ತಿತ್ತು. ನೀರು ಬೆರಳ ಸಂದಿನಿಂದ ತೊಟ್ಟಿಕ್ಕುತ್ತಿತ್ತು. ಪಟೇಲ ಮಂಜಪ್ಪನವರು ಕೈ ಎತ್ತಲು ಸಿದ್ಧರಾಗಿದ್ದರು. ಬೊಗಸೆ ಅರ್ಧವಾಯಿತು, ಕಾಲಾಯಿತು.

"ಹೇಳೋ ಹೊನ್ನಯ್ಯ," ಎಂದರು ಮಂಜಪ್ಪನವರು ಮೆಲ್ಲಗೆ. "ಈಗೇನು ಅಡ್ಡಿ ನಿಂಗೆ?"

ಅಂಗೈಯಲ್ಲಿ ಬರೀ ತೇವ ಉಳಿದಾಗ ಅವನು ಹೇಳಿದ.

"ಒಂದು ಗದ್ದೆ ಇತ್ತು ಗೌಡ್ರೆ. ನಂದೇ. ಇಷ್ಟು ವರ್ಷ ಸುಳ್ಳು ಹೇಳ್ದೆ."

ಹೆಂಗಸರ ಕಡೆಯಿಂದ ಯಾರೋ ಬಿಕ್ಕಿದ್ದು ಕೇಳಿಸಿತು. ಮಂಜಪ್ಪನವರು ಎತ್ತಿದ ಕೈಯನ್ನು ಇಳಿಸುವುದೋ ಆಡಿಸುವುದೋ ತಿಳಿಯದೆ ನಿಂತರು. ಕೊನೆಗೆ ಸನ್ನೆ ಮಾಡಿದರು. ಹಲಗೆ ಮೇಲೆದ್ದಿತು.

ಒಣಗಿದ ಕಾಲುವೆಯಲ್ಲಿ ಮೊದಲ ನೀರು ವೇಗವಾಗಿ ಹೋಗುವುದಿಲ್ಲ. ತರಗೆಲೆ, ಕಡ್ಡಿ, ಇರುವೆಗಳನ್ನು ಮುಂದೆ ತಳ್ಳಿಕೊಂಡು, ಬಿರುಕುಗಳನ್ನು ತುಂಬಿಸಿಕೊಂಡು, ಮುದುಕರ ಹಾಗೆ ಹೋಗುತ್ತದೆ. ಹೊನ್ನಯ್ಯ ನೀರಿನಿಂದ ಮೇಲೆ ಬಂದು, ಅದರ ಜೊತೆಗೇ, ಅದರ ಹೆಜ್ಜೆಯಲ್ಲೇ ಏರಿಯ ಮೇಲೆ ನಡೆದ. ಯಾರೂ ಅವನನ್ನು ಕೂಗಲಿಲ್ಲ. ಮಹಾಂತಮ್ಮನ ಗದ್ದೆ ದಾಟಿತು, ಪೇಟೆಯ ಹಿತ್ತಿಲುಗಳು ದಾಟಿದವು. ಕೊನೆಯ ಮಡೆ ತಲುಪುವಾಗ ಹೊತ್ತು ಇಳಿಯುತ್ತಿತ್ತು.

ಅವನು ಮೊಣಕಾಲೂರಿ, ಗಟ್ಟಿಯಾದ ಹಳೆಯ ಕೆಸರನ್ನು ಉಗುರಿನಿಂದ ಕೆರೆದು ಮಡೆ ತೆರೆದ. ನೀರು ಜೊಂಡಿನೊಳಗೆ ನುಗ್ಗಿತು. ಗೂಟ ಇನ್ನೂ ಅಲ್ಲೇ ಇತ್ತು, ಸ್ವಲ್ಪ ವಾಲಿತ್ತು. ಅವನು ಬದುವಿನ ಮೇಲೆ, ಹಿಂದೆ ಮಜ್ಜಿಗೆಯ ಚೊಂಬು ಇದ್ದ ಜಾಗದಲ್ಲಿ, ಕುಳಿತು ಅದನ್ನೇ ನೋಡಿದ. ಮೊದಲ ಕಚ್ಚು ಒದ್ದೆಯಾಯಿತು. ಎರಡನೆಯದಾಯಿತು. ಬಹಳ ಹೊತ್ತಿನ ಮೇಲೆ ಮೂರನೆಯದನ್ನು ನೀರು ಮುಟ್ಟಿತು.

ಇಪ್ಪತ್ತೆಂಟು ವರ್ಷದ ಕೈ ತಾನಾಗಿಯೇ ಪಕ್ಕದಲ್ಲಿ ಗುದ್ದಲಿಗಾಗಿ ತಡವರಿಸಿತು. ಗುದ್ದಲಿ ಕಟ್ಟೆಯ ಹತ್ತಿರವೇ ಉಳಿದಿತ್ತು. ಕೈಯನ್ನು ಮಡಿಲಿನಲ್ಲಿಟ್ಟುಕೊಂಡು ಅವನು ಕುಳಿತೇ ಇದ್ದ. ನೀರು ಕಚ್ಚನ್ನು ದಾಟಿ ಮೇಲೇರುತ್ತಿತ್ತು.